ತಗ್ಗಿಸಿದ ಛಾವಣಿ

ನವೆಂಬರ್ ೯, ಭಾನುವಾರ

ಅಪ್ಪ ಆ ಸೀಟಿನಲ್ಲಿ ಮುದುರಿ ಕೂತದ್ದು ಕಣ್ಣಿಂದ ಮರೆಯಾಗುತ್ತಿಲ್ಲ.

ತರಕಾರಿ ಸಾಗಿಸುತ್ತಿದ್ದ ತಮ್ಮ ಹಳೇ ಪಿಕಪ್ಪನ್ನು ಜೋರಾಗಿ ಓಡುವ ಶೋಕಿ ಗಾಡಿ, ಹಾಟ್ ರಾಡ್, ಮಾಡಿಕೋ ಎಂದು ಕೊಟ್ಟಾಗ ಅವರು ಕೇಳಿದ್ದು ಒಂದೇ: "ಮೊದಲ್ನೇ ಸುತ್ತು ನಂದು ಕಣೇ."

ದೊಡ್ಡ ಎಂಜಿನ್ ಕೂರಿಸಿದೆ, ಕೆಂಪು ಬಣ್ಣ ಹೊಡೆದೆ. ಗತ್ತಾಗಿ ಕಾಣಲೆಂದು ಕ್ಯಾಬಿನ್ನಿನ ಕಂಬಗಳನ್ನು ಕೊಯ್ದು ಛಾವಣಿಯನ್ನು ಆರು ಬೆರಳಷ್ಟು ಇಳಿಸಿ ಬೆಸೆದೆ. ಅಳತೆಗೆ ಕೂತವಳು ನಾನೇ, ಮನೆಯಲ್ಲಿ ಎಲ್ಲರಿಗಿಂತ ಕುಳ್ಳಿ. ನನ್ನ ಬುದ್ಧಿಗಿಷ್ಟು!

ಇವತ್ತು ಅಪ್ಪ ಇಸ್ತ್ರಿ ಅಂಗಿ ತೊಟ್ಟು ಬಂದು ಸ್ಟೀರಿಂಗ್ ಹಿಂದೆ ತೂರಿಕೊಂಡರು. ನೆತ್ತಿ ಛಾವಣಿಗೆ ಬಡಿಯಿತು, ಗದ್ದ ಎದೆಗೆ ಒತ್ತಿತು. ರಸ್ತೆ ಎಲ್ಲಿಂದ ಕಾಣಬೇಕು?

"ಭರ್ಜರಿಯಾಗಿದೆ," ಎನ್ನುತ್ತ ಇಳಿದರು. "ನೀನೇ ಓಡ್ಸು. ನಾನ್ ಹಿಂದೆ ಕೂತ್ಕೋತೀನಿ, ಗಾಳಿ ಚೆನ್ನಾಗ್ ಬರುತ್ತೆ."

ನಾನೇ ಒಳಗೆ ಕೂತು ಗಾಡಿ ಹೊರಡಿಸಿದೆ. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು, ನನಗೆ. ಮೂಟೆ ಇಡುತ್ತಿದ್ದ ಜಾಗದಲ್ಲಿ ಅಪ್ಪ ಕೂತಿದ್ದರು. ನಗುತ್ತಿದ್ದಾರೋ ಇಲ್ಲವೋ ಎಂದು ಕನ್ನಡಿ ನೋಡಿದೆ. ಹಿಂದಿನ ಗಾಜನ್ನೂ ಕುಗ್ಗಿಸಿದ್ದೇನಲ್ಲ, ಮುಖ ಕಾಣಲಿಲ್ಲ. ಗಾಡಿಯ ಅಂಚನ್ನು ಬಿಗಿಯಾಗಿ ಹಿಡಿದ ಕೈಯೊಂದು ಮಾತ್ರ…