ಕರೆದದ್ದು ನಾನೋ, ಮಾತ್ರೆಯೋ

12-7-2004, ಬೆಳಿಗ್ಗೆ 8
ಮತ್ತೆ ಟ್ರಮಡಾಲ್, ನೋವಿನ ಮಾತ್ರೆ. ಹಾಸನದಲ್ಲಿ ಮುರಿದ ಕಾಲಿಗೆ ಪ್ಲೇಟ್ ಹಾಕಿಸಿಕೊಂಡು ಹೊಳೆನರಸೀಪುರದ ಮನೆಗೆ ಬಂದು ಐದು ದಿನ. ನುಂಗಿದ ಅರ್ಧ ಗಂಟೆಗೆ ಮೈ ಹಗುರ. ಹದಿನಾಲ್ಕು ವರ್ಷ ಪಿಯುಸಿ ಮಕ್ಕಳಿಗೆ ಬೋರ್ಡಿನ ಮೇಲೆ ಬೀಗ, ಕೀಲಿಕೈ ಬರೆದು ಹೇಳಿದ ಪಾಠವೇ — ಮಾತ್ರೆ ಹೋಗಿ ನರದ ಬೀಗದಲ್ಲಿ ಕೂರುತ್ತದೆ, ನೋವಿನ ಸುದ್ದಿ ಒಯ್ಯುವ ರಾಸಾಯನಿಕ ಮುಂದಿನ ನರಕ್ಕೆ ಸರಿಯಾಗಿ ದಾಟುವುದಿಲ್ಲ, ಇತ್ತ ಡೋಪಮೀನ್ ಏರುತ್ತದೆ. ಈಗ ಪ್ರಾಕ್ಟಿಕಲ್ ನನ್ನ ಮೇಲೇ! ತೊಂದರೆ ಒಂದೇ. ಮಲಬದ್ಧತೆ; ಮೂರು ದಿನದಿಂದ ಹೊಟ್ಟೆ ಮುಷ್ಕರ ಹೂಡಿದೆ.

14-7, ಸಂಜೆ
ಏನು ಮಾಡಿಬಿಟ್ಟೆ! ಪಕ್ಕದ ಮನೆ ಕಾಮಾಕ್ಷಮ್ಮ ಗೇಟಿನ ಮುಂದೆ ಹೋಗುತ್ತಿದ್ದರು. ನಾನು ಊರಲ್ಲಿಲ್ಲದಾಗ ನನ್ನ ಪಾರಿಜಾತ ಕಡಿಸಿದ ಮಹಾತಾಯಿ. ಆರು ವರ್ಷ ಮಾತಿಲ್ಲ. ಕಿಟಕಿಯಿಂದ ನಾನೇ ಕೂಗಿದೆ — "ಬನ್ನಿ, ಕಾಫಿ ಕುಡಿದು ಹೋಗಿ." ನಮ್ಮ ಯಜಮಾನರ ಕೈಯಿಂದ ಪೇಪರ್ ಜಾರಿತು.
ಆಕೆ ಬಂದರು. "ಕಡಿಸ್ಬಾರ್ದಿತ್ತು ಮೇಡಮ್ಮೋರೇ. ಕಂಬ್ಳಿಹುಳ ಗ್ವಾಡೆ ಅತ್ತಿ ಬತ್ತವೆ ಅಂತ ಕಡಿಸ್ಬುಟ್ಟೆ." ಇಬ್ಬರೂ ಅತ್ತೆವು.

22-7
ದಿನಾ ಹನ್ನೊಂದಕ್ಕೆ ಬರುತ್ತಾರೆ. ಅರಕಲಗೂಡಿನ ಮಗಳ ಮನೆಯಿಂದ ಪಪ್ಪಾಯಿ ತಂದರು. ಮುಷ್ಕರ ವಾಪಸ್!
ಖುಷಿಯಾಗಿದ್ದೇನೆ. ಆದರೆ ಅಳುಕು... ಈ ಒಳ್ಳೆಯತನ ನನ್ನದೋ, ಮಾತ್ರೆಯದೋ? ನಾಳೆಯಿಂದ ಕಮ್ಮಿ ಮಾಡಿ ಭಾನುವಾರಕ್ಕೆ ನಿಲ್ಲಿಸಿ ಅಂದಿದ್ದಾರೆ ಡಾಕ್ಟರು. ಬೀಗ ಖಾಲಿಯಾದರೆ ನನ್ನೊಳಗಿನ ಹಳೇ ಕನಕಲಕ್ಷ್ಮಿ ಎದ್ದು ಕೂರುತ್ತಾಳೆ. ಕಾಮಾಕ್ಷಮ್ಮನನ್ನು ಮತ್ತೆ ಕಳೆದುಕೊಳ್ಳಲು ನನಗಿಷ್ಟವಿಲ್ಲ.

27-7
ಮಾತ್ರೆ ನಿಂತು ಎರಡು ದಿನ. ಆಕಳಿಕೆ, ಸೋರುವ ಮೂಗು. ಹೊರಗಿನ ಕೀಲಿಗೆ ಒಗ್ಗಿಹೋದ ಮೆದುಳು ಈಗ ತನ್ನ ಸ್ವಂತ ಕೀಲಿ ಹುಡುಕಬೇಕು. ಕಿಟಕಿಯಾಚೆ ಪಾರಿಜಾತದ ಬೊಡ್ಡೆ ಕಂಡಿತು. ಕೋಪ ನೆತ್ತಿಗೇರಿತು. ಬಂತಲ್ಲ, ಅಂದುಕೊಂಡೆ.
ಆಕೆ ಬಂದಾಗ ಹೇಳಿಬಿಟ್ಟೆ — ಅವತ್ತು ನಿಮ್ಮನ್ನು ಕರೆದದ್ದು ನಾನಲ್ಲ, ಮಾತ್ರೆ.
ಆಕೆ ಲೋಟ ಕೆಳಗಿಟ್ಟರು. "ಅಂಗಾರೆ ಬರೋವಾಗ ನಾನ್ಯಾವ ಮಾತ್ರೆ ನುಂಗಿದ್ದೆ ಮೇಡಮ್ಮೋರೇ?" ಅಂದು ಎದ್ದು ಹೋದರು. ಲೋಟದಲ್ಲಿ ಅರ್ಧ ಕಾಫಿ ಹಾಗೇ ಇತ್ತು.

28-7, ಬೆಳಿಗ್ಗೆ 11.20
ಬಂದಿಲ್ಲ. ಕಾಲು ಚುಚ್ಚುತ್ತಿದೆ. ಕೋಪವೂ ಚೂರು ಇದೆ, ಇರಲಿ. ಯಜಮಾನರಿಗೆ ಮೂರು ಲೋಟ ಕಾಫಿ ಬೆರೆಸಲು ಹೇಳಿದ್ದೇನೆ. ವಾಕರ್ ಹಿಡಿದರೆ ಗೇಟಿಗೆ ಹದಿನೈದು ಹೆಜ್ಜೆ. ನೋವಾದರೆ ಆಗಲಿ. ಈ ಸಲ ಮಾತ್ರೆಯಿಲ್ಲದೆ ನಾನೇ ಹೋಗಿ "ಕಾಮಾಕ್ಷಮ್ಮಾ" ಅಂತ ಕರೆಯುತ್ತೇನೆ.