ಡಿಸ್ಕ್ ಏಳುವಷ್ಟು ಹೊತ್ತು

೧೨-೧೧-೨೦೦೭, ಸೋಮವಾರ. ಸಿದ್ದಾಪುರ, ಅಂಗಡಿ

ಹನ್ನೊಂದನೆಯ ಸಲ ಚಿಪ್ಪಿಗೆ ನನ್ನ ಕೋಡ್ ಬರೆದೆ. ಬೋರ್ಡು ಎದ್ದಿತು. ಮೂರೇ ಸೆಕೆಂಡ್. ಕಂಪನಿಯ ಬಯಾಸ್, ಅಂದರೆ ಯಂತ್ರ ಎಬ್ಬಿಸುವ ಪ್ರೋಗ್ರಾಂ, ಇದೇ ಬೋರ್ಡಿನಲ್ಲಿ ಇಪ್ಪತ್ತೆರಡು ಸೆಕೆಂಡ್ ಒದ್ದಾಡುತ್ತದೆ. ರ‍್ಯಾಮ್ ಎಬ್ಬಿಸು, ಕೀಬೋರ್ಡ್ ಎಬ್ಬಿಸು, ಡಿಸ್ಕ್ ಇದೆಯೋ ಕೇಳು, ಲಿನಕ್ಸಿಗೆ ಒಪ್ಪಿಸಿ ಪಕ್ಕಕ್ಕೆ ಸರಿ — ಬಯಾಸ್ ಮಾಡಬೇಕಾದ್ದು ಇಷ್ಟೇ. ನಡುವೆ ಸಿಕ್ಕ 'ಕಾಯಿ' ಎನ್ನುವ ಸಾಲುಗಳನ್ನೆಲ್ಲ ಕಿತ್ತು ಹಾಕಿದ್ದೇನೆ. ಕಾಯುವುದು ನನಗೆ ಮೊದಲಿಂದಲೂ ಆಗದ ಕೆಲಸ.

ಎಲ್ಲೆಲ್ಲಿಯವರೋ ಸೇರಿ, ಯಾರು ಬೇಕಾದರೂ ಓದಿ ತಿದ್ದಬಹುದಾದ ಬಯಾಸ್ ಬರೆಯುತ್ತಿದ್ದಾರೆ. ಅದರಲ್ಲಿ ಸಿದ್ದಾಪುರದವನೊಬ್ಬನ ಬೋರ್ಡು... ಬೀಗುತ್ತಿದ್ದೇನೆ, ಹೌದು. ಡೈರಿಯಲ್ಲೂ ಬೀಗದಿದ್ದರೆ ಇನ್ನೆಲ್ಲಿ.

೧೫-೧೧, ಗುರುವಾರ

ಶಿರಸಿ, ಬನವಾಸಿ ರಸ್ತೆ. ಅಂದಾನಪ್ಪನವರ ಕಂಪ್ಯೂಟರಿಗೆ ಹೊಸ ಚಿಪ್ ಕೂರಿಸಿದೆ. ತಾರು ಕಚೇರಿಯಲ್ಲಿ ಮೂವತ್ತು ವರ್ಷ ಟೆಲಿಗ್ರಾಂ ಕಳಿಸುವ ಸಿಗ್ನಲರ್ ಆಗಿದ್ದವರು. ರಿಟೈರಾದ ಮರುವರ್ಷ ಗ್ಲಕೋಮಾ, ಎರಡೂ ಕಣ್ಣು ಹೋದವು. ಲಿನಕ್ಸ್ ಎದ್ದ ಮೇಲೆ ತೊಂದರೆಯಿಲ್ಲ, ತೆರೆಯ ಮೇಲಿದ್ದದ್ದನ್ನು ಸಾಫ್ಟ್‌ವೇರ್ ಓದಿ ಹೇಳುತ್ತದೆ. ಅದಕ್ಕೂ ಮುಂಚಿನ ಬಯಾಸ್ ಮೂಕ. ಬ್ಯಾಟರಿ ಎಂದು ಒಮ್ಮೆ F1 ಕೇಳುತ್ತದೆ, ಫ್ಯಾನ್ ಎಂದು ಒಮ್ಮೆ F2. ತಪ್ಪಿ ಒತ್ತಿದರೆ ಸೆಟಪ್ಪಿನೊಳಗೆ ಸಿಕ್ಕಿಬೀಳುವುದು. ಪ್ರತಿ ಬೆಳಿಗ್ಗೆ ಹೆಂಡತಿ ಗಿರಿಜವ್ವ ರೊಟ್ಟಿ ಬಿಟ್ಟು ಬರಬೇಕು. ಇಂಗ್ಲಿಷ್ ಬಾರದು. ತೆರೆಯಲ್ಲಿ ಕೋಲಿನಂಥ ಅಂಕಿ ಕಂಡರೆ F1, ಡೊಂಕು ಕಂಡರೆ F2 ಒತ್ತುತ್ತಾರೆ.

"ದಿನಾ ಮುಂಜಾನೆ ಅಕೀನ್ನ ಕೂಗೂದು ಬ್ಯಾಸರಾಗೇತ್ರಿ ಭಟ್ರ," ಎಂದರು ಅಂದಾನಪ್ಪ. "ಒಂದರ ಕೆಲಸ ನಾನ ಚಾಲೂ ಮಾಡಿ, ನಾನ ಮುಗಸಬೇಕು."

ಒಂದು ಗಂಟೆ ಓಡಿಸಿ ನೋಡಿ, ಬಂದ್ ಮಾಡಿ, ಅವರ ಕೈಗೆ ಬಿಟ್ಟೆ. ಸ್ವಿಚ್ ಒತ್ತಿದರು. ಯಂತ್ರ ಮಾತಾಡಿತು. ಗಿರಿಜವ್ವ ಅಡುಗೆಮನೆಯಿಂದ ಬರಲೇ ಇಲ್ಲ. ಅಂದಾನಪ್ಪ ನಕ್ಕರು.

೧೬-೧೧, ಶುಕ್ರವಾರ

ಬೆಳಿಗ್ಗೆಯೇ ಅಂದಾನಪ್ಪನವರ ಫೋನ್. ಯಂತ್ರ ಏಳಲಿಲ್ಲವಂತೆ. ಎರಡು ಬೀಪ್ — ಡಿಸ್ಕ್ ಇಲ್ಲ ಎಂಬುದಕ್ಕೆ ನಾನೇ ಇಟ್ಟ ಗುರುತು. ಅಂಗಡಿಯಲ್ಲಿ ಅದೇ ಥರದ ಬೋರ್ಡು ನಲವತ್ತು ಸಲ ಹಾಕಿ ನೋಡಿದೆ. ನಲವತ್ತು ಸಲವೂ ಎದ್ದಿತು. ಅಜ್ಜ ಏನೋ ತಪ್ಪು ಒತ್ತುತ್ತಿರಬೇಕು.

೨೦-೧೧, ಮಂಗಳವಾರ

ಮೊದಲ ಬಸ್ಸು. ಕಾನಸೂರಿನ ತನಕ ನಿಂತೇ ಹೋದೆ. ಯಂತ್ರ ರಾತ್ರಿಯಿಡೀ ಬಂದಾಗಿತ್ತು, ತಣ್ಣಗೆ. ಸ್ವಿಚ್ ಹಾಕಿದೆ. ಬೀಪ್, ಬೀಪ್. ಅಂದಾನಪ್ಪ ಡಬ್ಬದ ಮೇಲೆ ಕೈಯಿಟ್ಟು ಕೂತಿದ್ದರು.

"ಭಟ್ರ, ನೀವು ಡಿಸ್ಕನ್ನ ಕರಿಯೂದು ಭಾಳ ಲಗೂನ ಆಗಾಕತ್ತೇತಿ. ಡಿಸ್ಕಿನ ದನಿ ಇನ್ನೂ ಮ್ಯಾಲ ಏರಾಕತ್ತಿತ್ತು, ಒಂದ ಸಮಾ ನಿಂತಿದ್ದಿಲ್ಲ. ಅಷ್ಟರಾಗ ಇಲ್ಲ ಅಂತ ಬೀಪ್ ಹೊಡದ್ರಿ."

"ಅಷ್ಟೆಲ್ಲ ಕೇಳಿಸ್ತದಾ ನಿಮ್ಗೆ?"

"ತಾರಿನಾಗ ಒಮ್ಮೆ ಕರದು ಆಫೀಸ್ ಬಂದ್ ಅಂತ ಬರಿಯಂಗಿದ್ದಿಲ್ರಿ. ಮೂರು ಸಲ ಕರೀಬೇಕು, ನಡುವ ಕಾಯಬೇಕು. ಆ ಕಡೆ ಮನಷ್ಯಾ ಕುರ್ಚಿಗೆ ಬಂದು ಕುಂದ್ರಬೇಕಲ್ಲ."

ಅಂಗಡಿಯಲ್ಲಿ ಡಿಸ್ಕ್ ಸದಾ ಬಿಸಿ, ಬೇಗ ತಿರುಗುತ್ತದೆ. ತಣ್ಣಗಿದ್ದದ್ದನ್ನು ನಾನು ಎಬ್ಬಿಸಿ ನೋಡಿದ್ದೇ ಇಲ್ಲ. ಮೂರು ಸೆಕೆಂಡ್ ಎಂದು ಮೆರೆದದ್ದು ಇಷ್ಟಕ್ಕೆ.

೨೩-೧೧, ಶುಕ್ರವಾರ

ಡಿಸ್ಕ್ ಉತ್ತರ ಕೊಡುವವರೆಗೆ, ಐದು ಸೆಕೆಂಡ್ ತನಕ, ಮತ್ತೆ ಮತ್ತೆ ಕೇಳುವಂತೆ ಬರೆದೆ. ಹನ್ನೆರಡು ಸಾಲು. ಶಿರಸಿಗೆ ಹೋಗಿ ಹಾಕಿ ಬಂದೆ. ಎದ್ದಿತು.

ಆ ಬಯಾಸ್ ಬರೆಯುವವರೆಲ್ಲ ಇರುವ ಮೇಲ್ ಲಿಸ್ಟಿಗೂ ಕಳಿಸಿದೆ. ಅಲ್ಲಿಯ ಪದ್ಧತಿ — ತಿದ್ದುಪಡಿಯ ಕೆಳಗೆ ಬರೆದವನ ಹೆಸರು, ದೋಷ ತೋರಿಸಿದವರಿದ್ದರೆ ಅವರ ಹೆಸರಿಗೊಂದು ಬೇರೆ ಸಾಲು. ನಾನು ಒಂದೇ ಹೆಸರು ಹಾಕಿದೆ. ಮೇಲಿಂದ 'ಡಿಸ್ಕಿನ ಸದ್ದು ಕೇಳುತ್ತಿದ್ದಾಗ ನನಗೆ ಹೊಳೆಯಿತು' ಎಂದೂ ಬರೆದೆ. ಯಾಕೆ ಬರೆದೆ? ಚೆನ್ನಾಗಿ ಕಂಡಿತು, ಬರೆದೆ.

೨೬-೧೧, ಸೋಮವಾರ

ನನ್ನ ಹನ್ನೆರಡು ಸಾಲನ್ನು ಲಿಸ್ಟಿನವರು ಒಪ್ಪಿ ಬಯಾಸಿನೊಳಗೆ ಸೇರಿಸಿದರು. ಜರ್ಮನಿಯವನೊಬ್ಬ ಬರೆದಿದ್ದಾನೆ: 'ಒಳ್ಳೆಯ ಕಿವಿ ನಿಮ್ಮದು.' ವಿನೋದಾಗೆ ಓದಿ ಹೇಳಿದೆ. ಹೆಂಡತಿಯ ಹತ್ತಿರವಾದರೂ ಕೊಚ್ಚಿಕೊಳ್ಳಬೇಕಲ್ಲ.

"ಆ ಅಜ್ಜನ ಹೆಸ್ರು ಎಂತಕ್ಕೆ ಹಾಕ್ಲಿಲ್ಲೆ?"

"ಕೋಡ್ ಬರದವ ಆನು."

"ಕೇಳ್ಸ್ಕಂಡವ್ರು ಅವ್ರಲ್ದಾ?"

ಉತ್ತರಕ್ಕೆ ನಿಲ್ಲಲಿಲ್ಲ, ಪಾತ್ರೆ ತೊಳೆಯಲು ಹೋದಳು.

೧೦-೧೨, ಸೋಮವಾರ

ಎರಡು ವಾರ ಅಂದಾನಪ್ಪನವರ ಫೋನಿಲ್ಲ. ಎಲ್ಲ ಸರಿಯಿದೆ ಎಂದುಕೊಂಡೆ. ಇವತ್ತು ಗಿರಿಜವ್ವ ಫೋನ್ ಮಾಡಿ, "ಬಂದು ಹೋಗಬೇಕಂತ್ರಿ" ಎಂದರು. ಹೋದೆ.

"ಒಳ್ಳೆ ಕಿವಿ ಅಂತ ಬರದಾರಲ್ರಿ ನಿಮಗ," ಎಂದರು ಅಂದಾನಪ್ಪ. "ಮಷಿನ್ ಓದಿ ಹೇಳ್ತು."

ಲಿಸ್ಟಿನ ಮೇಲ್ ಅವರಿಗೂ ಹೋಗುತ್ತದೆ. ಕೇಳಿಕೊಂಡು ಕೂರಲಿ ಎಂದು ನಾನೇ ಸೇರಿಸಿದ್ದೆ. ನೆನಪೇ ಇರಲಿಲ್ಲ. ಗಿರಿಜವ್ವನನ್ನು ಕೂಗದೆ, ಒಬ್ಬರೇ ಕೂತು, ಪೂರ್ತಿ ಕೇಳಿದ್ದಾರೆ. ನಾನು ಏನೋ ತೊದಲಿದೆ. ನಾಲಿಗೆಗೆ ಬಂದದ್ದೆಲ್ಲ ನೆಪ.

"ಹೆಸರು ತಗೊಂಡು ಏನ್ ಮಾಡ್ಲಿ ಭಟ್ರ. ಕಣ್ಣು ಹೋದವು. ಕಿವಿ ಒಂದ ನಂದು ಅಂತ ಉಳದಿತ್ತು." ಡಬ್ಬವನ್ನು ನನ್ನ ಕಡೆ ಸರಿಸಿ, "ನಿಮ್ಮ ಚಿಪ್ ತಗೊಂಡು ಹೋಗ್ರಿ. ಹಳೇದ ಹಾಕ್ರಿ."

ಹಾಕಿದೆ. ಸ್ವಿಚ್ ಒತ್ತಿದರು, ಯಂತ್ರ ಗುಂಡಿ ಕೇಳಿ ನಿಂತಿತು. ಅವರು ಕೂಗಿದರು. ಗಿರಿಜವ್ವ ಹಿಟ್ಟಿನ ಕೈಯಲ್ಲೇ ಬಂದು, ಬಗ್ಗಿ ತೆರೆ ನೋಡಿ, ಒಂದು ಗುಂಡಿ ಒತ್ತಿ ಹೋದರು. ಆಮೇಲೆ ನನಗೆ ಚಹಾ ತಂದುಕೊಟ್ಟರು. ಅದನ್ನು ಕುಡಿದದ್ದು ಹೇಗೆಂದು ನನಗೇ ಗೊತ್ತು.

೧೧-೧೨, ಮಂಗಳವಾರ

ಲಿಸ್ಟಿಗೆ ಬರೆದೆ. ಈ ದೋಷ ಹಿಡಿದದ್ದು ಶಿರಸಿಯ ಅಂದಾನಪ್ಪ, ನಿವೃತ್ತ ತಾರು ಸಿಗ್ನಲರ್. ನನಗೆ ಹೊಳೆಯಿತೆಂದು ಬರೆದದ್ದು ಸುಳ್ಳು. — ವಿಘ್ನೇಶ್ವರ ಭಟ್ಟ.

ಕಳಿಸುವ ಮೊದಲು ಅರ್ಧ ಗಂಟೆ ಸುಮ್ಮನೆ ಕೂತೆ. ಮುಖ ಕಾಣದ ಜನರ ಎದುರು ಮಾನ ಹೋಗುವುದಕ್ಕೆ ಇಷ್ಟು ಹೆದರಿಕೆ. ಕಾಣುವವರ ಎದುರು ಆಗಲೇ ಹೋಗಿದೆ. ಕಳಿಸಿದೆ.

೨೨-೧೨, ಶನಿವಾರ

ಲಿಸ್ಟಿನಲ್ಲಿ ಅಂದಾನಪ್ಪನವರ ಮೇಲ್. ಮೊದಲನೆಯದು. ಇಂಗ್ಲಿಷಿನಲ್ಲಿ, ತಾರಿನ ಹಾಗೆ ಪದ ಎಣಿಸಿ. 'ಐದು ಸೆಕೆಂಡ್ ಸಾಲದು. ಚಳಿ ಹೆಚ್ಚಿದ ಬೆಳಿಗ್ಗೆ ನನ್ನ ಡಿಸ್ಕಿಗೆ ಎಂಟು. ಆರು ದಿನ ಎಣಿಸಿದೆ. ತಿದ್ದಿರಿ. ಅಂದಾನಪ್ಪ.'

ನನ್ನ ಹೆಸರೆತ್ತಿಲ್ಲ. ಕ್ಷಮಿಸಿದೆ ಎಂದೂ ಇಲ್ಲ. ಆರು ಬೆಳಿಗ್ಗೆ ಹಳೇ ಚಿಪ್ಪಿನಲ್ಲೇ, ಗಿರಿಜವ್ವನನ್ನು ಕೂಗಿ, ಚಾಲೂ ಮಾಡಿಸಿ, ಡಿಸ್ಕಿನ ದನಿ ಕೇಳುತ್ತ ನನ್ನ ತಪ್ಪನ್ನು ಎಣಿಸಿದ್ದಾರೆ. ಓದಿ ಅತ್ತೆ. ಅಂಗಡಿಗೆ ಯಾರೋ ಬಂದರು, ಕಣ್ಣೊರೆಸಿಕೊಂಡೆ.

ಐದನ್ನು ಎಂಟು ಮಾಡಿದೆ. ಎರಡನೆಯ ಸಾಲಿನಲ್ಲಿ ಅವರ ಹೆಸರು ಬರೆದೆ. ಕಳಿಸಿಲ್ಲ. ಅವರಿಗೆ ಓದಿ ಹೇಳದೆ ಕಳಿಸುವುದಿಲ್ಲ. ನಾಳೆ ಬೆಳಿಗ್ಗೆ ಹೋಗುತ್ತೇನೆ, ಚಿಪ್ ಜೇಬಿನಲ್ಲಿರಲಿ, ಅವರಾಗಿ ಕೇಳಿದರೆ ಮಾತ್ರ ಕೂರಿಸುತ್ತೇನೆ. ಕೇಳದಿದ್ದರೆ ಕಾಯುತ್ತೇನೆ.