ಹುಣಸೆಮರಕ್ಕೊಂದು ಏರಿಯಲ್

ಮಧುಗಿರಿ
೧೩-೩-೧೯೪೧

ಅಣ್ಣ ನಾಗಲಿಂಗಯ್ಯನವರಿಗೆ ಪರ್ವತಯ್ಯನ ಶರಣು.

ಗೋಡೆಯಾಚೆಯೇ ಇರುವ ನಿಮಗೆ ಅಂಚೆಯಲ್ಲಿ ಬರೆಯುತ್ತಿದ್ದೇನೆಂದು ನಗಬೇಡಿ. ಮನೆ ಪಾಲಾದ ಮೇಲೆ ನಾವು ಮಾತಾಡಿದ್ದೇ ಇಲ್ಲವಲ್ಲ.

ಸೋಮವಾರ ಸಂಜೆ ನಮ್ಮ ನಾಗರತ್ನ ಮೈಸೂರಿನ ರೇಡಿಯೋದಲ್ಲಿ ಹಾಡುತ್ತಾಳೆ. ನಿಮ್ಮ ಮಗಳ ಹಾಡಿಗೆಂದೇ ಬ್ಯಾಟರಿ ರೇಡಿಯೋ ತಂದೆ. ಅದು ಬರೀ ಗೊರಗೊರ ಅನ್ನುತ್ತಿದೆ. ಅಲೆಗಳು ಗೋಡೆಗೀಡೆ ಲೆಕ್ಕಿಸುವುದಿಲ್ಲವಂತೆ. ಆದರೆ ಅವನ್ನು ಹಿಡಿಯಲು ಏರಿಯಲ್ ತಂತಿ ಎತ್ತರದಲ್ಲಿರಬೇಕು, ಅರ್ತ್ ತಂತಿ ಹಸಿ ನೆಲದಲ್ಲಿರಬೇಕು. ನಾನು ಪೆದ್ದನಂತೆ ಅರ್ತನ್ನು ಒಣ ಬೂದಿಗುಂಡಿಯಲ್ಲಿ ಹೂತಿದ್ದೆ.

ಅರ್ತಿನ ನೆಲ ಹಸಿಯಾಗಲೆಂದು ನಿನ್ನೆ ಅತ್ತಿಗೆ ಗೋಡೆಯಾಚೆಯಿಂದಲೇ, "ನಮ್ ಬಚ್ಚಲ ನೀರ ಆ ಕಡೀಕೆ ಬುಡ್ತೀನಿ ಕಣಪ್ಪ. ಮರದ ಮಾತು ಮಾತ್ರ ನಿಮ್ಮಣ್ಣನ್ನೇ ಕೇಳು" ಅಂದರು.

ಅದಕ್ಕೇ ಕೇಳುತ್ತಿದ್ದೇನೆ. ತಂತಿಯ ಒಂದು ತುದಿಯನ್ನು ನಿಮ್ಮ ಹುಣಸೆಮರಕ್ಕೆ ಕಟ್ಟಲೇ? ಕಾಯಿ ಒಂದನ್ನೂ ಮುಟ್ಟುವುದಿಲ್ಲ. ಏಣಿಯೂ ನಿಮ್ಮ ಪಾಲಿಗೇ ಹೋಗಿದೆ. ನನ್ನ ಪಾಲಿಗೆ ಬಂದ ಅಪ್ಪನ ಕುರ್ಚಿಯನ್ನು ಒರೆಸಿ ರೇಡಿಯೋ ಪಕ್ಕ ಇಟ್ಟಿದ್ದೇನೆ. ಅದರಲ್ಲಿ ನಾನು ಈವರೆಗೆ ಕೂತಿಲ್ಲ.

ಉತ್ತರ ಬರೆಯುವ ತೊಂದರೆ ಬೇಡ. ಭಾನುವಾರ ಬೆಳಿಗ್ಗೆ ಮರಕ್ಕೆ ಏಣಿ ಒರಗಿಸಿದ್ದರೆ ಸಾಕು, ಈಚೆಯಿಂದಲೇ ನನಗೆ ಕಾಣುತ್ತದೆ.

ನಿಮ್ಮ ತಮ್ಮ,
ಪರ್ವತಯ್ಯ